ಒಂದೇ ಮೂಟೆಯ ರಾಗಿ

ಕಲ್ಯಾಣದುರ್ಗ, 9 ಫೆಬ್ರವರಿ 1959

ಯಾರ ಹತ್ತಿರ ಬಾಯಿ ಬಿಟ್ಟರೂ ಜಗಳವಾಗುತ್ತಿದೆ. ಕಾಗದವಾದರೆ ತಿರುಗಿ ಮಾತಾಡುವುದಿಲ್ಲ ಎಂದು ಇದನ್ನು ತೆಗೆದು ಕೂತಿದ್ದೇನೆ. ಎಣ್ಣೆ ಮಿಲ್ಲಿನವರು ಹೊಸ ವರ್ಷಕ್ಕೆ ಕೊಟ್ಟ ಡೈರಿ, ಹಾಗೇ ಬಿದ್ದಿತ್ತು.

ಇವತ್ತು ಹಿಂದೂಪುರದಿಂದ ಕೂಸನ್ನು ಕರೆದುಕೊಂಡು ಬಂದೆ. ಒಬ್ಬ ಗಂಡಸು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಸ್ಸಿನಲ್ಲಿ ಕೂತರೆ ಜನ ಹೇಗೆ ನೋಡುತ್ತಾರೆ ಎಂದು ಪೆನುಕೊಂಡದವರೆಗೂ ಗೊತ್ತಾಯಿತು. ಒಬ್ಬ ಮುದುಕಿ "ತಲ್ಲಿ ಏದಯ್ಯಾ?" ಎಂದು ಕೇಳಿಯೇ ಬಿಟ್ಟಳು. ತಾಯಿ ಮದನಪಲ್ಲಿ ಕಡೆ ಸ್ಯಾನಿಟೋರಿಯಂನಲ್ಲಿ ಎದೆ ಕಾಯಿಲೆಗೆ ಮಲಗಿದ್ದಾಳೆ ಎಂದರೆ ಬಸ್ಸೆಲ್ಲ ಖಾಲಿಯಾಗುತ್ತದೆ. ಊರಲ್ಲಿದ್ದಾಳೆ ಅಂದೆ.

ಗೌರಿಗೆ ಎಂಟನೇ ತಿಂಗಳಿಗೇ ಹೆರಿಗೆಯಾಯಿತು. ಬಾಣಂತಿಯಾಗಿದ್ದಾಗಲೇ ಕಾಯಿಲೆ ಗೊತ್ತಾಯಿತು. ಎದೆಹಾಲು ಕೊಡಕೂಡದು, ಕೂಸನ್ನು ಹತ್ತಿರವೂ ಇಟ್ಟುಕೊಳ್ಳಕೂಡದು ಅಂದರು. ಅವತ್ತಿಂದ ಡಬ್ಬಿ ಹಾಲಿನ ಪುಡಿಯೇ ಗತಿ. ಆ ಹಾಲಾದರೂ ನೆಟ್ಟಗೆ ಇಳಿಯುತ್ತದೆಯೇ? ಅದೂ ಇಲ್ಲ. ಇದಕ್ಕೆ ನುಂಗುವುದು ಇನ್ನೂ ಬಂದಿಲ್ಲವಂತೆ. ಹಾಲು ತೆಳ್ಳಗಿದ್ದರೆ ಉಸಿರಿನ ದಾರಿಗೆ ನುಗ್ಗುತ್ತದೆ. ಹಿಂದೂಪುರದ ಡಾಕ್ಟರಮ್ಮ ಒಂದು ಉಪಾಯ ಹೇಳಿಕೊಟ್ಟಿದ್ದರು: ರಾಗಿ ಹಿಟ್ಟಿನ ಗಂಜಿ ಮಾಡಿ ಹಾಲಿಗೆ ಬೆರೆಸಿ, ಒಳಲೆಯಿಂದ ಬಿಟ್ಟರೆ ಹರಳೆಣ್ಣೆಯ ಹಾಗೆ ನಿಧಾನ ಇಳಿಯಬೇಕು, ಅದಕ್ಕಿಂತ ತೆಳ್ಳಗಿದ್ದರೆ ಕೊಡಲೇಬೇಡಿ. ನಮ್ಮತ್ತೆ ಶಿವಲಕ್ಷ್ಮಮ್ಮ ಹಾಗೇ ಮಾಡಿ ಇಷ್ಟು ದಿನ ಕುಡಿಸಿದ್ದಾರೆ. ಅಲ್ಲಿ ಕೂಸು ಕೆಮ್ಮದೆ ಕುಡಿಯುತ್ತಿತ್ತು.

ಹಾಗಿದ್ದ ಮೇಲೆ ಅಲ್ಲೇ ಇರಲಿ ಅಂದೆ. ನಮ್ಮಮ್ಮ ಕೇಳಬೇಕಲ್ಲ! "ನಮ್ಮನೆ ಕೂಸು ಎಷ್ಟು ದಿನ ಅಂತ ಬೀಗರ ಮನೇಲಿರ್ತೈತೆ? ನಾನೇನು ಸತ್ತೋಗಿದ್ದೀನಾ?" ಗೌರಿಯದೂ ಅದೇ ಹಟ. ವಾಸಿಯಾದರೆ ನೇರ ಕಲ್ಯಾಣದುರ್ಗಕ್ಕೇ ಬರುತ್ತಾಳಂತೆ, ಬರುವಾಗ ತೊಟ್ಟಿಲು ನಮ್ಮ ಮನೆಯ ತೊಲೆಗೇ ಕಟ್ಟಿರಬೇಕಂತೆ. ಹೆಂಗಸರ ರಾಜ್ಯಭಾರದಲ್ಲಿ ನನ್ನದೇನಿದೆ. ಕೂಸನ್ನು ತಂದು ಅಮ್ಮನ ಮಡಿಲಿಗೆ ಹಾಕಿದೆ, ನನ್ನ ಕೆಲಸ ಮುಗಿಯಿತು. ಅಂಗಡಿಗೆ ಹುಣಸೆ ಬಂದಿದೆ, ತೇವ ನೋಡಬೇಕು.

12 ಫೆಬ್ರವರಿ

ಮಧ್ಯಾಹ್ನ ಊಟಕ್ಕೆ ಬಂದವನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಒಳಗೆ ಅಮ್ಮ "ಅಯ್ಯೋ ಶಿವನೇ" ಎಂದು ಕಿರುಚಿದಳು. ಓಡಿ ಹೋದರೆ ಕೂಸಿನ ತುಟಿ ನೀಲಿ, ಮೂಗಿನಿಂದ ಹಾಲು, ಕಣ್ಣು ಮೇಲಕ್ಕೆ. ಅಮ್ಮ ಅದನ್ನು ಬೋರಲು ಹಾಕಿಕೊಂಡು ಬೆನ್ನು ತಟ್ಟಿದಳು, ಬಾಯಿಗೆ ಬೆರಳು ಹಾಕಿ ತೆಗೆದಳು. ನಾನು ಕಂಬ ಹಿಡಿದು ನಿಂತಿದ್ದೆ. ಬಹಳ ಹೊತ್ತಿನ ಮೇಲೆ ಅತ್ತಿತು.

ಊಟ ಸೇರಲಿಲ್ಲ.

18 ಫೆಬ್ರವರಿ

ಮತ್ತೆ ಅದೇ. ನಡುವೆ ಒಂದೆರಡು ಸಲ ನೆಟ್ಟಗೆ ಕುಡಿಯುತ್ತದೆ, ಆಮೇಲೆ ಮತ್ತೆ ಅದೇ.

ನನಗೆ ಅರ್ಥವಾಗುತ್ತಿಲ್ಲ. ಹಾಲಿನ ಡಬ್ಬಿ ಅಲ್ಲಿಂದ ತಂದದ್ದೇ. ಒಳಲೆ ಅತ್ತೆ ಕೊಟ್ಟ ಬೆಳ್ಳಿಯದೇ. ರಾಗಿ ನನ್ನ ಅಂಗಡಿಯದು, ಒಂದೇ ಮೂಟೆ ಒಡೆದು ಅರ್ಧ ಹಿಂದೂಪುರಕ್ಕೆ ಕಳಿಸಿದ್ದೆ, ಅರ್ಧ ಮನೆಗೆ ಹಾಕಿದ್ದೆ. ಅಮ್ಮ ಗಂಜಿ ಇಳಿಸಿದ ಕೂಡಲೇ ನನ್ನನ್ನು ಕರೆದು ತೋರಿಸಿದಳು. ಹರಳೆಣ್ಣೆಯ ಹದವೇ ಇತ್ತು, ನಾನೇ ನೋಡಿದೆ. ಕೂಸು ನಿದ್ದೆಯಲ್ಲಿತ್ತು, ಮುಚ್ಚಿಟ್ಟಳು. ಎದ್ದ ಮೇಲೆ ಕುಡಿಸಿದಳು. ಕೆಮ್ಮಿತು, ನೀಲಿಯಾಯಿತು.

ಪಾತ್ರೆ ತೊಳೆಯಲು ಬರುವ ಎರ್ರಮ್ಮ "ದಿಷ್ಟಿ ಕಣಪ್ಪ, ಬಸ್ಸಿನಾಗೆ ಎಲ್ರೂ ನೋಡ್ಬುಟ್ಟವ್ರೆ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಕೂಸು ಇನ್ನಷ್ಟು ಕೆಮ್ಮಿತು. ಎರ್ರಮ್ಮನಿಗೆ ಬೈದೆ. ಅಮ್ಮ ನನಗೆ ಬೈದಳು.

ಹಿಂದೂಪುರ, 22 ಫೆಬ್ರವರಿ

ಕೂಸಿಗೆ ಜ್ವರ, ಎದೆಯಲ್ಲಿ ಗೊರಗೊರ. ಬಾಡಿಗೆ ಕಾರು ಮಾಡಿಕೊಂಡು ಬಂದೆ. ಡಾಕ್ಟರಮ್ಮ ಸೂಜಿ ಚುಚ್ಚಿದರು, ಎದೆಗೆ ಕೊಳವೆ ಇಟ್ಟು ಕೇಳಿ ಮುಖ ಗಂಟು ಹಾಕಿದರು. "ಪಲುಚಗಾ ಪೋಸ್ತುನ್ನಾರು" ಅಂದರು, ತೆಳ್ಳಗೆ ಕುಡಿಸುತ್ತಿದ್ದೀರಿ ಎಂದು. ಇಲ್ಲ ಡಾಕ್ಟರಮ್ಮ, ಗಟ್ಟಿಗೇ ಇತ್ತು ಅಂದೆ. ಹಾಗಾದರೆ ಇದು ಎದೆಗೆ ಹೇಗೆ ಇಳಿಯಿತು ಎಂದು ಕೇಳಿದರು. ನನಗೇನು ಗೊತ್ತು? ಇನ್ನೊಂದು ಸಲ ಹೀಗಾದರೆ ಉಳಿಸುವುದು ಕಷ್ಟ ಅಂದರು.

ಸಂಜೆ ಅತ್ತೆ ಗಂಜಿ ಮಾಡಿ ಹಾಲಿಗೆ ಬೆರೆಸಿ ಕುಡಿಸಿದರು. ಗುಟುಕು ಗುಟುಕಾಗಿ ಕುಡಿದು ಮಲಗಿತು! ಒಂದು ಕೆಮ್ಮಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಮ್ಮ ಮಾವ ಮರುಳಸಿದ್ದಪ್ಪನವರು ಬೆಲ್ಲದ ಮಂಡಿಯಿಂದ ಬಂದು ಎಲೆ ಅಡಿಕೆ ಹಾಕಿಕೊಂಡು ತೀರ್ಪು ಕೊಟ್ಟರು. "ನಿಮ್ಮೂರು ಅದಕ್ಕೆ ಆಗಿಬರಲ್ಲ ಕಣ್ರೀ. ಇಲ್ಲೇ ಬಿಡಿ. ಗೌರಿ ವಾಸಿಯಾದ್ರೂ ಇಲ್ಲಿಗೇ ಬರ್ಲಿ." ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನನಗೂ ತಲೆನೋವು ತಪ್ಪುತ್ತದೆ. ಹೂಂ ಅಂದು ಬಂದೆ.

8 ಮಾರ್ಚ್

ಸ್ಯಾನಿಟೋರಿಯಂಗೆ ಹೋಗಿದ್ದೆ. ಗೌರಿ ವರಾಂಡದಲ್ಲಿ ಕುರ್ಚಿಯ ಮೇಲೆ ಕೂತಿದ್ದಳು, ನಾನು ಆಚೆ ಬೆಂಚಿನ ಮೇಲೆ. ಸ್ವಲ್ಪ ಮೈ ಬಂದಿದೆ.

"ಕೂಸು ನಮ್ಮನೇಲೇ ಐತೆ ತಾನೆ?"

"ಐತೆ."

"ಹಾಲು?"

"ಚೆನ್ನಾಗಿ ಕುಡೀತೈತೆ."

ಮೊದಲನೆಯದು ಸುಳ್ಳು, ಎರಡನೆಯದು ಅರ್ಧ ನಿಜ. ಸುಳ್ಳು ಹೇಳಿದ್ದಕ್ಕೆ ಬೇಸರವಿಲ್ಲ, ಅಲ್ಲಿ ನಿಜ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಆಮೇಲೆ ಅವಳು "ಯಾರ ಕೈಲಿ ಚೆನ್ನಾಗಿ ಕುಡೀತೈತೆ?" ಎಂದು ಕೇಳಿದಳು. ನಿಮ್ಮಮ್ಮನ ಕೈಯಲ್ಲಿ ಎಂದರೆ ಮೊದಲಿನ ಸುಳ್ಳು ಒಡೆಯುತ್ತದೆ, ನಮ್ಮಮ್ಮನ ಕೈಯಲ್ಲಿ ಎಂದರೆ ನಾಲಿಗೆ ಏಳುವುದಿಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದೆ. "ನಾನು ಬರೋವರ್ಗೂ ಅದನ್ನ ನಮ್ಮನೇಲಿ ಉಳಿಸ್ಕಳ್ರೀ" ಅಂದಳು ಹಿಂದಿನಿಂದ.

ಆ ಮಾತು ದಾರಿಯುದ್ದಕ್ಕೂ ಕಿವಿಯಲ್ಲೇ ಇತ್ತು. ಏನೇ ಆಗಲಿ, ಕೂಸು ನಮ್ಮ ಮನೆಗೆ ಬರಬೇಕು.

ಕಲ್ಯಾಣದುರ್ಗ, 15 ಮಾರ್ಚ್

ನೀರು! ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ? ನಮ್ಮೂರ ನೀರು ಗಡಸು, ಬೇಳೆಯೇ ಬೇಯುವುದಿಲ್ಲ. ಹಿಂದೂಪುರದ ಬಾವಿಯ ನೀರು ಒಂದು ಹಿತ್ತಾಳೆ ಬಿಂದಿಗೆ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ, ಕೂಸಿನ ಜೊತೆ ಬಸ್ಸು ಹತ್ತಿದೆ. ಅತ್ತೆ ಅಳುತ್ತಾ ಕಳಿಸಿದರು, ಮಾವ ಮುಖ ತಿರುಗಿಸಿಕೊಂಡರು. ಕಂಡಕ್ಟರು ಕೂಸಿಗೆ ಟಿಕೆಟ್ ಕೇಳಲಿಲ್ಲ, ಬಿಂದಿಗೆಗೆ ಕೇಳಿದ. ಗಂಗೆಯಾ ಸ್ವಾಮಿ ಅಂತ ಪಕ್ಕದವನು ಕೈ ಮುಗಿದ. ಹೂಂ ಅಂದೆ, ಇನ್ನೇನು ಹೇಳಲಿ.

ಅಮ್ಮ ಬಿಂದಿಗೆಯನ್ನು ಇಳಿಸಿಕೊಂಡು ಒಲೆಯ ಪಕ್ಕ ಇಟ್ಟಳು. ಅದರ ನೀರಲ್ಲೇ ಗಂಜಿ ಮಾಡಿದಳು.

17 ಮಾರ್ಚ್

ಇವತ್ತು ಉಸಿರು ನಿಂತೇ ಹೋಗಿತ್ತು. ಅಮ್ಮನ ಕೈಯಿಂದ ಕಿತ್ತುಕೊಂಡು ನಾನೇ ಬೋರಲು ಹಾಕಿ ತಟ್ಟಿದೆ. ಎಷ್ಟು ಹೊತ್ತು ತಟ್ಟಿದೆನೋ. ಅತ್ತ ಮೇಲೆ ಕೂಸನ್ನು ಎದೆಗೆ ಒತ್ತಿಕೊಂಡೇ ಬಟ್ಟಲಿಗೆ ಬೆರಳು ಅದ್ದಿದೆ. ನೀರು. ಹರಳೆಣ್ಣೆಯೂ ಅಲ್ಲ, ಕಡಲೆಕಾಯಿ ಎಣ್ಣೆಯೂ ಅಲ್ಲ, ಅಪ್ಪಟ ನೀರು.

"ಇದಕ್ಕೆ ನೀರು ಹುಯ್ದೆಯಾ?"

"ಇಲ್ಕಣೋ. ಗಟ್ಟಿಗೇ ಮಾಡಿ ಮುಚ್ಚಿಟ್ಟಿದ್ದೆ. ಆ ಶಿವನಾಣೆ."

"ಗಟ್ಟಿಗೆ ಮಾಡಿದ್ದು ತಾನಾಗೇ ನೀರಾಯ್ತಾ? ಯಾರ ಕಿವಿಗೆ ಹೂವು ಇಡ್ತೀಯ? ಹೆಣ್ಣು ಅಂದಾಗ್ಲೇ ನಿನ್ನ ಮುಖ ಹೆಂಗಾಗಿತ್ತು ಅಂತ ನಾನು ನೋಡಿದ್ದೀನಿ. ಹೋದ್ರೆ ಹೋಗ್ಲಿ ಅಂತ ತಾನೆ?"

ಅಮ್ಮ ಒಳಲೆಯನ್ನು ಸೆರಗಿನಿಂದ ಒರೆಸಿ ನನ್ನ ಮುಂದೆ ಇಟ್ಟಳು. "ಇನ್ಮೇಲೆ ನಾನು ಮುಟ್ಟಲ್ಲ ಕಣಪ್ಪ" ಅಂದು ಹಿತ್ತಿಲಿಗೆ ಹೋದಳು.

ಮುಟ್ಟದಿದ್ದರೆ ಒಳ್ಳೆಯದೇ ಆಯಿತು.

18 ಮಾರ್ಚ್

ಅಮ್ಮ ಮುದ್ದೆ ಬಡಿಸಿದಳು. ಕೂಸಿಗೆ ಬಟ್ಟೆಯ ಬತ್ತಿಯಿಂದ ಹನಿ ಹನಿಯಾಗಿ ಹಾಲು ಬಿಟ್ಟು ದಿನ ತಳ್ಳಿದೆ.

19 ಮಾರ್ಚ್

ಇವತ್ತು ಆದದ್ದನ್ನು ಬರೆದರೆ ಯಾರಾದರೂ ನನಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಬರೆಯುತ್ತೇನೆ.

ಅಂಗಡಿಗೆ ಹೋಗಲಿಲ್ಲ. ಅಮ್ಮನ ಹಿಟ್ಟಿನ ಡಬ್ಬ ತೆಗೆದುಕೊಂಡು ನಾನೇ ಒಲೆಯ ಮುಂದೆ ಕೂತೆ. ಅಮ್ಮ ಅಂಗಳದಿಂದಲೇ, ನನ್ನ ಕಡೆ ನೋಡದೆ, ಗೋಡೆಗೆ ಹೇಳುವ ಹಾಗೆ ಹೇಳಿದಳು: "ಕುದಿ ಬರೋ ಮುಂಚೆ ಇಳಿಸ್ಬೇಕು. ಇಲ್ಲಾಂದ್ರೆ ಸತ್ವ ಹೋಯ್ತದೆ." ಹಾಗೇ ಇಳಿಸಿದೆ. ಗಟ್ಟಿಯಾಗಿತ್ತು. ಹಾಲಿಗೆ ಬೆರೆಸಿದೆ, ಹರಳೆಣ್ಣೆಯ ಹದ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕೂಸು ಎದ್ದಿರಲಿಲ್ಲ, ಮುಚ್ಚಿಟ್ಟು ಪಕ್ಕದಲ್ಲೇ ಕೂತೆ.

ಕೂಸು ಎದ್ದಿತು. ಮುಚ್ಚಳ ತೆಗೆದೆ. ನೀರು!

ಸುತ್ತ ನೋಡಿದೆ. ಅಡುಗೆಮನೆಯಲ್ಲಿ ನಾನೊಬ್ಬನೇ. ಯಾರಿಗೆ ಬೈಯಲಿ? ಮತ್ತೆ ಮಾಡಿದೆ. ಈ ಸಲ ಮುಚ್ಚಲೇ ಇಲ್ಲ, ಕಣ್ಣು ಕೀಳದೆ ಕದಡುತ್ತಾ ಕೂತೆ. ಕೈಗೆ ಬಿಗಿಯಾಗಿದ್ದದ್ದು ಸಡಿಲವಾಯಿತು, ಇನ್ನೂ ಸಡಿಲವಾಯಿತು, ಆಮೇಲೆ ಚಮಚದಿಂದ ಸುರಿಯಿತು. ನನ್ನ ಕೈಯಲ್ಲೇ, ನನ್ನ ಕಣ್ಣೆದುರಿಗೇ. ನಾನು ಒಂದು ಹನಿ ನೀರು ಹಾಕಿಲ್ಲ.

ಕೂಸು ಹಸಿದು ಅರಚುತ್ತಿತ್ತು. ಮೂರನೇ ಸಲ ಸ್ವಲ್ಪವೇ ಮಾಡಿ, ತಟ್ಟೆಯಲ್ಲಿ ಆರಿಸಿ, ಅದು ನೀರಾಗುವ ಮೊದಲೇ ಚೂರು ಚೂರು ಕುಡಿಸಿದೆ. ಕೆಮ್ಮಲಿಲ್ಲ. ಅವಳು ಕುಡಿಯುವಾಗ ಬಲಗೈಯಿಂದ ನನ್ನ ಹೆಬ್ಬೆರಳು ಹಿಡಿದುಕೊಳ್ಳುತ್ತಾಳೆ. ಬಿಡಿಸಿಕೊಂಡರೆ ಕುಡಿಯುವುದನ್ನು ನಿಲ್ಲಿಸುತ್ತಾಳೆ.

ಅಂದರೆ ಅಮ್ಮ ಸುಳ್ಳು ಹೇಳಿರಲಿಲ್ಲ. ಎದ್ದು ಅಂಗಳಕ್ಕೆ ಹೋದೆ. ಅಮ್ಮ ಮೊರ ಹಿಡಿದು ಕಾಳು ಕೇರುತ್ತಿದ್ದಳು. ಹೇಳಬೇಕು ಅಂತ ಬಾಯಿ ತೆರೆದೆ. "ಸಾಯಂಕಾಲಕ್ಕೆ ಏನು ಸಾರು?" ಎಂದು ಕೇಳಿ ವಾಪಸು ಬಂದೆ.

"ಹುರುಳಿ" ಅಂದಳು.

ಹಿಂದೂಪುರ, 21 ಮಾರ್ಚ್

ಪುಟ್ಟಿಯನ್ನೂ ಅಮ್ಮನ ಹಿಟ್ಟಿನ ಡಬ್ಬವನ್ನೂ ಎತ್ತಿಕೊಂಡು ಬಂದೆ. ಮಂಡಿಯಲ್ಲಿ ಸರಕಿನ ಮೇಲೆ ತಕರಾರು ಬಂದರೆ ಏನು ಮಾಡುತ್ತೇವೆ? ಎರಡು ಮಾದರಿ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಅತ್ತೆಗೆ ಹೇಳಿ ಎರಡು ಬಟ್ಟಲು ಗಂಜಿ ಮಾಡಿಸಿದೆ, ಒಂದು ಅವರ ಹಿಟ್ಟಿನದು, ಒಂದು ನಮ್ಮ ಹಿಟ್ಟಿನದು. ಒಂದೇ ಒಲೆ, ಒಂದೇ ನೀರು, ಒಂದೇ ಕೈ. ಕೂತು ನೋಡಿದೆವು. ಅವರದು ಹಾಗೇ ನಿಂತಿತು. ನಮ್ಮದು ಕರಗಿ ಹರಿಯಿತು.

"ಒಂದೇ ಮೂಟೆ ರಾಗಿ ಅತ್ತೆ! ನಾನೇ ಒಡೆದು ಹಂಚಿದ್ದು!"

ಅತ್ತೆ ಡಬ್ಬಕ್ಕೆ ಮೂಗು ಇಟ್ಟರು. "ಅಯ್ಯೋ, ಇದು ಮೊಳಕೆ ರಾಗಿ ಅಲ್ವಾ ಅಳಿಯಂದ್ರೇ. ಘಮ ನೋಡಿ. ನಿಮ್ಮಮ್ಮ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ ಬೀಸವ್ರೆ."

"ನೀವು?"

"ನಾನೆಲ್ಲಿ ಕಟ್ಲಿ? ಸೊಂಟ ಎದ್ದರೆ ತಾನೆ. ತೊಳ್ದೆ, ಒಣಗಿಸ್ದೆ, ಬೀಸಿಸ್ದೆ. ನಿಮ್ಮಮ್ಮನಂಗೆ ಯಾರು ಮಾಡ್ತಾರೆ ಬಿಡಿ."

ನನಗೆ ಆಗ ನೆನಪಾಯಿತು. ಪುಟ್ಟಿ ಬರುವ ಮೊದಲಿಂದಲೂ ನಮ್ಮ ಅಡುಗೆಮನೆಯಲ್ಲಿ ಒದ್ದೆ ಬಟ್ಟೆಯ ಗಂಟು ತೂಗುತ್ತಿತ್ತು. ಅಮ್ಮ ಎದ್ದಾಗೆಲ್ಲ ಅದಕ್ಕೆ ನೀರು ಚಿಮುಕಿಸುತ್ತಿದ್ದಳು. ಒಣಗಿಸಿ, ಉಜ್ಜಿ ಬೇರು ತೆಗೆದು, ಬೀಸಿ, ತನ್ನ ಹಳೇ ಸೀರೆಯ ಅಂಚು ಹರಿದು ಅದರಲ್ಲಿ ಜರಡಿ ಹಿಡಿಯುತ್ತಿದ್ದಳು. ರಾಗಿ ಮಾರುವವನು ನಾನು, ಕಣ್ಣೆದುರು ಇದ್ದದ್ದನ್ನು ನೋಡಲಿಲ್ಲ.

ಡಾಕ್ಟರಮ್ಮನ ಹತ್ತಿರ ಓಡಿದೆ. "ಮೊಲಕಲ ಪಿಂಡಾ!" ಮೊಳಕೆ ಹಿಟ್ಟಾ ಎಂದು ಹಣೆ ಒತ್ತಿಕೊಂಡರು. ಮೊಳಕೆ ಬಂದ ಕಾಳು ಎಳೆ ಸಸಿಗೆ ಊಟ ಮಾಡಲೆಂದು ತನ್ನ ಹಿಟ್ಟನ್ನು ತಾನೇ ಕರಗಿಸುತ್ತದಂತೆ. ಬಿಸಿ ಗಂಜಿಯಲ್ಲಿ ಆ ಕೆಲಸ ಇನ್ನೂ ಬೇಗ ನಡೆಯುತ್ತದಂತೆ. ನುಂಗಲು ಬರುವ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಹಿಟ್ಟಿಲ್ಲ, ಇವಳಿಗೆ ಈಗ ಬೇಡ, ಸಾದಾ ಹಿಟ್ಟನ್ನೇ ಚೆನ್ನಾಗಿ ಕುದಿಸಿ ಹಾಕಿ ಅಂದರು. ಮೊಳಕೆ ಕಟ್ಟುತ್ತೀರಾ ಎಂದು ತಾವೂ ಕೇಳಲಿಲ್ಲವಲ್ಲ ಅಂತಲೂ ಅಂದರು.

ಸೋಮಾರಿತನ ಮಾಡಿದ ಅಜ್ಜಿಯ ಹಿಟ್ಟು ಅವಳನ್ನು ಉಳಿಸಿತು, ಮೈ ಮುರಿದು ದುಡಿದ ಅಜ್ಜಿಯ ಹಿಟ್ಟು ಉಸಿರು ಕಟ್ಟಿಸಿತು. ಇದನ್ನು ಅಮ್ಮನಿಗೆ ಯಾವ ಬಾಯಿಂದ ಹೇಳಲಿ?

ಕಲ್ಯಾಣದುರ್ಗ, 22 ಮಾರ್ಚ್

ಬಸ್ಸಿನಲ್ಲಿ ಮಾತು ಕೂಡಿಸಿಕೊಂಡೇ ಬಂದೆ. ಹೀಗೆ ಶುರು ಮಾಡಬೇಕು, ಹಾಗೆ ಮುಗಿಸಬೇಕು ಎಂದು.

ಮನೆಗೆ ಬಂದರೆ ಒಲೆಯ ಪಕ್ಕ ಎರಡು ಬಟ್ಟಲು. ಒಂದರಲ್ಲಿ ಮುದ್ದೆ ಹಿಟ್ಟಿನ ಗಂಜಿ, ಗಟ್ಟಿಯಾಗಿತ್ತು. ಇನ್ನೊಂದರಲ್ಲಿ ಮಡಕೆಯಲ್ಲಿ ಉಳಿದಿದ್ದ ಮೊಳಕೆ ಹಿಟ್ಟಿನದು, ನೀರಾಗಿತ್ತು. ನಡುವೆ ಅಮ್ಮ ಕೂತಿದ್ದಳು. ನಾನು ಊರಲ್ಲಿಲ್ಲದಾಗ ಅವಳೂ ಅದನ್ನೇ ಮಾಡಿದ್ದಾಳೆ.

"ನೋಡ್ಲಾ" ಅಂದಳು. "ನಂದೇ ನೀರಾಗಿರೋದು. ತಾಯಿ ಹಾಲಿಲ್ದ ಕೂಸು, ಸತ್ವ ಇರ್ಲಿ ಅಂತ ಮೊಳಕೆ ಕಟ್ಟಿದ್ದೆ. ನೀನು ಅಂದಿದ್ದೇ ದಿಟ ಆಯ್ತು. ನಾನೇ ಕೊಂದ್ಬುಡ್ತಿದ್ದೆ."

ಕೂಡಿಸಿಕೊಂಡು ಬಂದದ್ದನ್ನು ಬಿಟ್ಟು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಗಡಿಬಿಡಿಯಲ್ಲಿ ಒದರಿದೆ. ದೊಡ್ಡವಳಾದ ಮೇಲೆ ಇದೇ ಹಿಟ್ಟು ಕೊಡಬೇಕಂತೆ, ಇದಕ್ಕಿಂತ ಒಳ್ಳೇದಿಲ್ಲವಂತೆ ಅಂದೆ. ಅಮ್ಮ ತಲೆಯಾಡಿಸುತ್ತಾ ಕೇಳಿದಳು. ಪುಟ್ಟಿಯನ್ನು ಅವಳ ಮಡಿಲಿಗೆ ಹಾಕಿದೆ, ಎತ್ತಿಕೊಂಡು ಮುದ್ದು ಮಾಡಿದಳು. ಒಳಲೆ ಕೊಟ್ಟರೆ ಮಾತ್ರ ಮುಟ್ಟಲಿಲ್ಲ.

"ನೀನೇ ಕುಡ್ಸಪ್ಪ. ನನ್ನ ಕೈ ಬೇಡ."

14 ಜೂನ್

ಬಹಳ ದಿನ ಬರೆದಿಲ್ಲ. ಹೊತ್ತಾದರೆ ತಾನೆ. ಪುಟ್ಟಿಗೆ ಎಚ್ಚರವಾಗುವ ಹೊತ್ತಿಗೆ ಗಂಜಿ ಆರಿರಬೇಕು, ಅಂಗಡಿಯ ಬಾಗಿಲನ್ನು ಈಗೀಗ ಅದಾದ ಮೇಲೆಯೇ ತೆಗೆಯುತ್ತೇನೆ. ತಲೆ ಸ್ವಲ್ಪ ಎತ್ತರಕ್ಕೆ ಹಿಡಿದರೆ ಸಲೀಸು. ಒಂದು ಗುಟುಕು ಇಳಿದ ಸದ್ದು ಕೇಳಿದ ಮೇಲೆಯೇ ಇನ್ನೊಂದು. ಸಾಕಾದರೆ ನಾಲಿಗೆಯಿಂದ ಒಳಲೆಯನ್ನು ತಳ್ಳುತ್ತಾಳೆ, ನಗುತ್ತಾಳೆ ಕಳ್ಳಿ. ಎದೆ ತಿಳಿಯಾಗಿದೆ.

ಮಾವ ಬಂದಿದ್ದರು, ಮಗುವನ್ನು ಕರೆದುಕೊಂಡು ಹೋಗುತ್ತೇವೆ, ನೀವೂ ವ್ಯಾಪಾರ ನೋಡಿಕೊಳ್ಳಬಹುದು ಅಂದರು. ಆಗಲ್ಲ ಅಂದೆ. ಕಾರಣ ಕೇಳಿದರು. ಅವಳು ಹೆಬ್ಬೆರಳು ಹಿಡಿದುಕೊಳ್ಳದೆ ಕುಡಿಯುವುದಿಲ್ಲ ಅಂದೆ. ಇದೆಂಥ ಕಾರಣ ಅನ್ನುವ ಹಾಗೆ ನೋಡಿದರು.

ಹುಣಸೆ ಏನಾಯಿತು ಅಂತಲೂ ಕೇಳಿದರು. ಯಾವ ಹುಣಸೆ?

30 ಆಗಸ್ಟ್

ಡಾಕ್ಟರಮ್ಮ ಹೋದ ವಾರ ತಮ್ಮ ಕೈಯಿಂದಲೇ ತೆಳು ಹಾಲು ಕುಡಿಸಿ ನೋಡಿದರು. ಪುಟ್ಟಿ ಕೆಮ್ಮಲಿಲ್ಲ. ಇನ್ನು ಗಟ್ಟಿ ಮಾಡುವ ಕೆಲಸವಿಲ್ಲ, ಎಲ್ಲ ತಿನ್ನಿಸಿ, ಮೊಳಕೆ ರಾಗಿಯನ್ನೂ ಕೊಡಿ ಅಂದರು. ಬಂದು ಅಮ್ಮನಿಗೆ ಹೇಳಿದೆ. ಅವಳು ಮೊರದಲ್ಲಿದ್ದ ಕಾಳು ಕೇರುತ್ತಲೇ ಇದ್ದಳು. ಮರುದಿನ ಬೆಳಿಗ್ಗೆ ನೋಡಿದರೆ ಅಡುಗೆಮನೆಯಲ್ಲಿ ಒದ್ದೆ ಬಟ್ಟೆಯ ಗಂಟು ತೂಗುತ್ತಿತ್ತು.

ಇವತ್ತು ಹೊಸ ಹಿಟ್ಟು ಸಿದ್ಧವಾಯಿತು. ಅಮ್ಮ ಗಂಜಿ ಮಾಡಿ, ಹಾಲು ಬೆರೆಸಿ, ಬಟ್ಟಲು ಒಳಲೆ ನನ್ನ ಮುಂದೆ ಇಟ್ಟು ಎದ್ದಳು. ನಾನು ಸೆರಗು ಹಿಡಿದು ಕೂರಿಸಿದೆ. ಒಳಲೆಯನ್ನು ಅವಳ ಕೈಗೆ ಇಟ್ಟು, ಬೆರಳು ಮಡಚಿದೆ.

"ಬ್ಯಾಡ ಕಣೋ. ಕೆಮ್ಮಿದ್ರೆ?"

"ಕೆಮ್ಮಿದ್ರೆ ನಾನಿದ್ದೀನಲ್ಲ."

"ನೀನಿದ್ದು ಏನ್ ಮಾಡ್ತೀಯ? ಮೊದಲ್ನೇ ಸಲ ಕಂಬ ತಬ್ಬಿಕೊಂಡು ನಿಂತಿದ್ದೆ."

"ಅಮ್ಮ, ಅವತ್ತು ನಾನು ಅಂದ ಮಾತು ತಪ್ಪು. ನಿನ್ನಂಗೆ ಯಾರೂ ಮಾಡಲ್ಲ. ನಂಗೆ ಗೊತ್ತಾದ ದಿನಾನೇ ಹೇಳ್ಬೇಕಾಗಿತ್ತು, ಸಾರು ಏನು ಅಂತ ಕೇಳಿ ಬಂದ್ಬುಟ್ಟೆ."

ಅಮ್ಮನ ಕಣ್ಣು ತುಂಬಿತು. "ಹುರುಳಿ ಸಾರು ಅಂದಿದ್ದೆ" ಅಂದಳು. ಆಮೇಲೆ ಒಳಲೆ ತುಂಬಿ ಪುಟ್ಟಿಯ ತುಟಿಗೆ ಹಿಡಿದಳು. ನೀರಿನ ಹಾಗೆ ತೆಳ್ಳಗಿದ್ದ ಗಂಜಿ. ಪುಟ್ಟಿ ನುಂಗಿದಳು, ಬಾಯಿ ಚಪ್ಪರಿಸಿ ಮತ್ತೆ ತೆರೆದಳು. ಹೆಬ್ಬೆರಳಿಗೆ ಕೈ ಚಾಚಿದಳು. ಈ ಸಲ ಹಿಡಿದದ್ದು ಅಮ್ಮನದು.

ನಾಡಿದ್ದು ಗೌರಿ ವಾಸಿಯಾಗಿ ಬರುತ್ತಾಳೆ. ತೊಟ್ಟಿಲು ತೊಲೆಗೆ ಕಟ್ಟಿದ್ದೇ ಇದೆ. ಯಾರ ಕೈಯಲ್ಲಿ ಚೆನ್ನಾಗಿ ಕುಡಿಯುತ್ತಾಳೆ ಎಂದು ಮತ್ತೆ ಕೇಳಿಯೇ ಕೇಳುತ್ತಾಳೆ. ಅಜ್ಜಿಯ ಕೈಯಲ್ಲಿ ಅನ್ನುತ್ತೇನೆ.